ಶಾಲೆಗೆ ಬಂದ ನೀಲಿ ಬ್ಯಾರಲ್, ಹಳೆ ಟಯರ್: ಯಾವುದನ್ನು ಇಟ್ಟುಕೊಳ್ಳಬಹುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕಿ. ಈ ವರ್ಷ ಇಕೋ ಕ್ಲಬ್ ಮಕ್ಕಳ ಜೊತೆ 'ಕಸದಿಂದ ರಸ' ಅಂತ ಒಂದು ಕೆಲಸ ಹಿಡಿದಿದ್ದೇವೆ. ಗ್ಯಾರೇಜಿನವರೊಬ್ಬರು ಹನ್ನೆರಡು ಹಳೆ ಟಯರ್ ಕೊಟ್ಟಿದ್ದಾರೆ. ಅದರಲ್ಲಿ ಜೋಕಾಲಿ, ಆಟದ ಸಾಮಾನು ಮಾಡಬೇಕೆಂದಿದ್ದೇವೆ. ಊರಿನವರೊಬ್ಬರು ಹುಬ್ಬಳ್ಳಿಯ ಫ್ಯಾಕ್ಟರಿಯಿಂದ 200 ಲೀಟರಿನ ನಾಲ್ಕು ನೀಲಿ ಬ್ಯಾರಲ್ ತಂದುಕೊಟ್ಟಿದ್ದಾರೆ. ಮಳೆ ನೀರು ಹಿಡಿದು ಕೈ ತೊಳೆಯಲು, ನಳ ಬರದ ದಿನ ಬಿಸಿಯೂಟದ ಅಡುಗೆಗೂ ಬಳಸೋಣ ಎಂಬ ಯೋಚನೆ ಇದೆ. ಮಕ್ಕಳು ಚಿಪ್ಸ್, ಬಿಸ್ಕಿಟ್ ಕವರ್ ತುರುಕಿದ 600 ಬಾಟಲಿ ಕೂಡಿಹಾಕಿದ್ದಾರೆ. ಅವುಗಳಿಂದ ಅಡುಗೆಕೋಣೆಯ ಪಕ್ಕ ಕೈತೋಟಕ್ಕೆ ಗೋಡೆ ಕಟ್ಟುವ ಆಸೆ. ಒಬ್ಬ ಪಾಲಕರು ಗಿಡಕ್ಕೆ ನೀರು ಹಾಕಲು ಬರುತ್ತವೆ ಅಂತ ಎಣ್ಣಿ (ಬೆಳೆಗೆ ಹೊಡೆಯುವ ಕೀಟನಾಶಕ) ಹೊಡೆದ ಖಾಲಿ ಡಬ್ಬಿಗಳನ್ನು ಕೊಟ್ಟಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು 'ಊರಲ್ಲೆಲ್ಲ ಇದನ್ನೇ ಬಳಸ್ತಾರೆ, ಏನಾಗಲ್ಲ' ಎನ್ನುತ್ತಾರೆ. ನಮ್ಮ ಸಹೋದ್ಯೋಗಿ 'ಟಯರ್ ಮುಟ್ಟಿದರೆ ಕ್ಯಾನ್ಸರ್' ಎಂಬ ವಾಟ್ಸಾಪ್ ಮೆಸೇಜ್ ತೋರಿಸುತ್ತಾರೆ. ಇಬ್ಬರ ನಡುವೆ ನನಗೆ ತಲೆ ಕೆಟ್ಟಿದೆ. ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಟೀಚರ್, ಮೊದಲು ಒಂದು ಕೆಲಸ ಮಾಡಿ. ಆ ನಾಲ್ಕು ಬ್ಯಾರಲ್ ಮತ್ತು ಎಣ್ಣಿ ಡಬ್ಬಿಗಳನ್ನು ಇವತ್ತೇ ಮಕ್ಕಳ ಕೈಗೆ ಸಿಗದ ಹಾಗೆ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ. ಆಮೇಲೆ ಉಳಿದದ್ದನ್ನು ನಿಧಾನವಾಗಿ ಓದಿ. ಟಯರ್‌ಗೆ ದಾರಿ ಇದೆ. ಬಾಟಲಿಗೂ ಒಂದು ದಾರಿ ಇದೆ, ಆದರೆ ನೀವು ಅಂದುಕೊಂಡ ಗೋಡೆ ಬೇಡ.

ನಿಮ್ಮ ನಿಜವಾದ ಆತಂಕ ನನಗೆ ಅರ್ಥವಾಗುತ್ತದೆ. ಒಬ್ಬರು ಎಲ್ಲಕ್ಕೂ ಹೂಂ ಅನ್ನುತ್ತಾರೆ, ಇನ್ನೊಬ್ಬರು ಎಲ್ಲಕ್ಕೂ ಹೆದರಿಸುತ್ತಾರೆ. ಇಪ್ಪತ್ತು ವರ್ಷದಿಂದ ಧಾರವಾಡದಲ್ಲಿದ್ದುಕೊಂಡು ಕಸ ಮತ್ತು ಸುರಕ್ಷತೆಯ ಕೆಲಸ ಮಾಡುತ್ತಿದ್ದೇನೆ. ಹಳೆ ಸಾಮಾನು ಕೈಗೆ ಬಂದಾಗ ನಾನು ಕೇಳುವುದು ಎರಡೇ ಪ್ರಶ್ನೆ. ಇದು ಮೊದಲು ಏನನ್ನು ಹೊತ್ತಿತ್ತು? ಇನ್ನು ಮುಂದೆ ಇದನ್ನು ಯಾರು ಮುಟ್ಟುತ್ತಾರೆ? ನಮ್ಮ ಕಡೆಯ ಕೌದಿಯನ್ನೇ ನೋಡಿ. ಅವ್ವನ ಹಳೆ ಸೀರೆ, ಅಪ್ಪನ ಹಳೆ ಧೋತರ ಸೇರಿಸಿ ಹೊಲಿದ ಕೌದಿಯಲ್ಲಿ ಕೂಸನ್ನು ಮಲಗಿಸುತ್ತೇವೆ. ಯಾಕೆ ಭಯ ಇಲ್ಲ? ಆ ಬಟ್ಟೆ ಯಾರದು, ಎಲ್ಲಿತ್ತು, ಎಷ್ಟು ಸಲ ಒಗೆದದ್ದು, ಎಲ್ಲ ಗೊತ್ತು. ನಿಮ್ಮ ಶಾಲೆಗೆ ಬಂದ ಬ್ಯಾರಲ್‌ನ ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ. ಅಪಾಯ ಇರುವುದು ಅಲ್ಲೇ.

ಬ್ಯಾರಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕಂದರೆ ಇದು ನಿಮ್ಮ ಶಾಲೆಯೊಂದರ ವಿಷಯ ಅಲ್ಲ. ಹುಬ್ಬಳ್ಳಿ-ಧಾರವಾಡ, ಗದಗದ ಎಷ್ಟೋ ಓಣಿಗಳಲ್ಲಿ ನಳದ ನೀರು ಬರುವುದು ಹಲವು ದಿನಕ್ಕೊಮ್ಮೆ. ಬಂದಾಗ ತುಂಬಿಡಬೇಕು. ಸಿಂಟೆಕ್ಸ್ ಕೊಳ್ಳುವಷ್ಟು ದುಡ್ಡು ಎಲ್ಲರ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಗುಜರಿಯಲ್ಲಿ ಕಡಿಮೆಗೆ ಸಿಗುವ ನೀಲಿ ಬ್ಯಾರಲ್ ಮನೆಗೆ ಬರುತ್ತದೆ. ತಂದವರ ತಪ್ಪು ಅಂತ ನಾನು ಹೇಳಲಾರೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಮನೆಯ ಇಬ್ಬರು ಮಕ್ಕಳಿಗೆ ಮೈಯೆಲ್ಲ ತುರಿಕೆ. ಬಚ್ಚಲಿನ ಮೂಲೆಯಲ್ಲಿ ಬ್ಯಾರಲ್ ಇತ್ತು. ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಮೂಗು ಹಚ್ಚಿದೆ, ವಾಸನೆ ಇಲ್ಲ. ಆಮೇಲೆ ಆ ಮನೆಯ ತಾಯಿ ಒಂದು ಮಾತು ಹೇಳಿದರು: 'ನೀರು ಕಾಸಿದಾಗಷ್ಟೇ ಏನೋ ಒಂಥರಾ ಬರ್ತದ್ರೀ.' ಒಂದು ತಂಬಿಗೆ ನೀರು ಕಾಸಿಸಿದೆ. ಹಬೆ ಏಳುತ್ತಿದ್ದಂತೆ ಬಣ್ಣದಂಗಡಿಯ ವಾಸನೆ ಬಂತು. ಕಿಟಕಿಯ ಬೆಳಕಿಗೆ ಬಾಗಿ ನೋಡಿದರೆ ನೀರಿನ ಮೇಲೆ ಎಣ್ಣೆಯ ತೆಳು ಪೊರೆ, ಕಾಮನಬಿಲ್ಲಿನ ಹಾಗೆ ಮಿನುಗುತ್ತಿತ್ತು. ಆ ತಾಯಿ ಬ್ಯಾರಲ್ ತಂದ ದಿನವೇ ಸೋಡಾ ಹಾಕಿ ಮೂರು ಸಲ ತಿಕ್ಕಿ ತೊಳೆದಿದ್ದರು. ಮಾಡುವುದನ್ನೆಲ್ಲ ಮಾಡಿದ್ದರು ಪಾಪ.

ತೊಳೆದರೆ ಯಾಕೆ ಹೋಗುವುದಿಲ್ಲ? ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ನೆನಪು ಮಾಡಿಕೊಳ್ಳಿ. ಹತ್ತು ಸಲ ತೊಳೆದು ಬಿಸಿಲಿಗೆ ಇಟ್ಟರೂ ಮುಚ್ಚಳ ತೆಗೆದಾಗ ಉಪ್ಪಿನಕಾಯಿ ವಾಸನೆಯೇ ಬರುತ್ತದೆ, ಅಲ್ವಾ? ನೀಲಿ ಬ್ಯಾರಲ್ ಮಾಡುವುದು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನಿಂದ. ಗಟ್ಟಿ ಪ್ಲಾಸ್ಟಿಕ್ಕೇ. ಆದರೂ ಎಣ್ಣೆ, ಸಾಲ್ವೆಂಟ್ (ಥಿನ್ನರ್‌ನಂಥ ಕರಗಿಸುವ ದ್ರವ), ಕೀಟನಾಶಕದಂಥವು ಅದರ ಮೈಯೊಳಗೆ ಸ್ವಲ್ಪ ಸ್ವಲ್ಪ ಇಳಿದು ಕೂರುತ್ತವೆ. ತೊಳೆದಾಗ ಹೋಗುವುದು ಮೇಲಿನದು ಮಾತ್ರ. ಒಳಗಿನದು ತಿಂಗಳುಗಟ್ಟಲೆ ನೀರಿಗೆ ಬಿಡುತ್ತಾ ಇರುತ್ತದೆ. ಬಿಸಿಲು ಜಾಸ್ತಿಯಾದರೆ ಇನ್ನೂ ಬೇಗ. ಹುಣಸೆಹಣ್ಣು, ಉಪ್ಪು, ಸಗಣಿ ನೀರು, ಬ್ಲೀಚಿಂಗ್ ಪೌಡರ್ ಯಾವುದೂ ಇದಕ್ಕೆ ಮದ್ದಲ್ಲ. ವಾಸನೆ ಹೋಯಿತು ಅಂದರೆ ವಿಷ ಹೋಯಿತು ಅಂತಲೂ ಅಲ್ಲ.

ಇನ್ನೊಂದು ತಪ್ಪು ನಂಬಿಕೆ ಇದೆ. ಬ್ಯಾರಲ್‌ನ ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದ್ದರೆ ಅದು 'ಫುಡ್ ಗ್ರೇಡ್' ಎಂದು ಗುಜರಿಯವರು ಹೇಳುವುದುಂಟು. ಆ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಜಾತಿಯದು ಎಂದು ಮಾತ್ರ. ಒಳಗೆ ಏನಿತ್ತು ಅಂತ ಅಲ್ಲ. ಆಹಾರಕ್ಕೆ ಅಂತಲೇ ಮಾಡಿದ್ದರೆ ಲೋಟ ಮತ್ತು ಫೋರ್ಕ್‌ನ ಗುರುತು ಇರುತ್ತದೆ. ಆ ಗುರುತು ಇದ್ದರೂ ಆಮೇಲೆ ಯಾರೋ ಅದರಲ್ಲಿ ಆಸಿಡ್ ತುಂಬಿದ್ದರೆ ಗುರುತಿಗೆ ಬೆಲೆ ಇಲ್ಲ.

ಹಾಗಾದರೆ ಯಾವ ಬ್ಯಾರಲ್ ಆದೀತು? ಅಡುಗೆ ಎಣ್ಣೆ, ಹಣ್ಣಿನ ರಸ, ಸಕ್ಕರೆ ಪಾಕ, ಉಪ್ಪಿನಕಾಯಿ ತುಂಬಿ ಬಂದದ್ದು ಎಂದು ಲೇಬಲ್ ಹಾಗೇ ಇದ್ದರೆ, ಕೊಟ್ಟವರೂ ಖಚಿತವಾಗಿ ಹೇಳಿದರೆ, ಚೆನ್ನಾಗಿ ತೊಳೆದು ಕೈ ತೊಳೆಯುವ ನೀರಿಗೆ, ಗಿಡದ ನೀರಿಗೆ ಇಟ್ಟುಕೊಳ್ಳಿ. ಅಡುಗೆಗೆ ಮತ್ತು ಕುಡಿಯಲು ಅದೂ ಬೇಡ. ಅಲ್ಲಿಗೆ ಹೊಸ ಟ್ಯಾಂಕೇ ಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಲೇಬಲ್ ಕಿತ್ತಿದೆ, ಏನಿತ್ತೋ ಗೊತ್ತಿಲ್ಲ ಎಂದರೆ ದನಕ್ಕೆ ನೀರು ಕುಡಿಸಲೂ ಬೇಡ, ಕಸದ ಡಬ್ಬಿಯಾಗಿಯೂ ಬೇಡ. ವಾಪಸ್ ಕೊಡಿ. ಅಪಾಯಕಾರಿ ರಾಸಾಯನಿಕ ತುಂಬಿದ್ದ ಖಾಲಿ ಬ್ಯಾರಲ್ ಕೂಡ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯವೇ. ಫ್ಯಾಕ್ಟರಿಯವರು ಅದನ್ನು ಅನುಮತಿ ಪಡೆದವರಿಗೆ ಮಾತ್ರ ಕೊಡಬೇಕು. ಶಾಲೆಗೆ ದಾನ ಮಾಡುವ ಹಾಗಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. 'ಅರ್ಧಕ್ಕೆ ಕತ್ತರಿಸಿ ಗಿಡ ಹಚ್ಚೋಣ' ಎಂದು ಯಾರಾದರೂ ಗ್ರೈಂಡರ್ ತಂದರೆ ದಯವಿಟ್ಟು ತಡೆಯಿರಿ. ಖಾಲಿ ಬ್ಯಾರಲ್ ಎಂದರೆ ಪೂರ್ತಿ ಖಾಲಿ ಅಲ್ಲ. ತಳದಲ್ಲಿ ಉಳಿದ ನಾಲ್ಕು ಹನಿ ಸಾಲ್ವೆಂಟ್ ಆವಿಯಾಗಿ ಒಳಗೆಲ್ಲ ತುಂಬಿರುತ್ತದೆ. ಒಂದು ಕಿಡಿ ಸಾಕು, ಸಿಡಿಯುತ್ತದೆ. ಕಬ್ಬಿಣದ ಬ್ಯಾರಲ್‌ಗೆ ಗ್ಯಾಸ್ ಕಟರ್ ಹಿಡಿದು ಜೀವ ಕಳೆದುಕೊಂಡ ಕೆಲಸಗಾರರು ಎಲ್ಲ ಕಡೆ ಇದ್ದಾರೆ.

ಮಳೆ ನೀರಿನ ಆಸೆ ಬಿಡಬೇಡಿ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐವತ್ತು ಚದರ ಮೀಟರಿನ ಒಂದು ಕ್ಲಾಸ್‌ರೂಮಿನ ಮೇಲೆ 20 ಮಿಲಿಮೀಟರ್ ಬಿದ್ದರೆ ಸಾವಿರ ಲೀಟರ್. ಸೋರಿ ಹೋಗಿದ್ದು ಬಿಟ್ಟರೂ 800 ಲೀಟರ್ ಕೈಗೆ ಸಿಗುತ್ತದೆ. ನಿಮ್ಮ ನಾಲ್ಕು ಬ್ಯಾರಲ್ ತುಂಬುವಷ್ಟು. ಈ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳ ಕೈಯಲ್ಲೇ ಮಾಡಿಸಿ ಗ್ರಾಮ ಪಂಚಾಯಿತಿಗೆ ಕೊಡಿ. ಒಂದು ಒಳ್ಳೆ ಟ್ಯಾಂಕ್ ಕೇಳಲು ಇದಕ್ಕಿಂತ ಗಟ್ಟಿ ಅರ್ಜಿ ಇಲ್ಲ.

ಎಣ್ಣಿ ಡಬ್ಬಿಗೆ ಎರಡು ಮಾತು ಇಲ್ಲ, ಬೇಡವೇ ಬೇಡ. ಮೆಣಸಿನಕಾಯಿ, ಹತ್ತಿ ಬೆಳೆಯುವ ನಿಮ್ಮ ಕಡೆ ಮಕ್ಕಳಿಗೆ ಈ ಡಬ್ಬಿಗಳು ಹುಟ್ಟಿದಾಗಿನಿಂದ ಪರಿಚಯ. ಅದಕ್ಕೇ ಭಯ ಕಡಿಮೆ. ಡಬ್ಬಿಯ ಮೇಲಿನ ಬಣ್ಣದ ಗುರುತು ಓದಲು ಕಲಿಸಿ. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಸಾವಯವ ಎಂದುಕೊಂಡ ರೈತರನ್ನು ನಾನು ಕಂಡಿದ್ದೇನೆ. ಹಸಿರೂ ವಿಷವೇ, ಕಡಿಮೆ ತೀವ್ರತೆಯದ್ದು ಅಷ್ಟೇ. ಡಬ್ಬಿ ಖಾಲಿಯಾದ ಕೂಡಲೇ ಹೊಲದಲ್ಲೇ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಬೇಕು. ತೂತು ಹೊಡೆದರೆ ಅದು ಯಾರ ಅಡುಗೆಮನೆಗೂ ಹೋಗುವುದಿಲ್ಲ. ಇದನ್ನು ಮಾಡಬೇಕಾದವರು ದೊಡ್ಡವರು, ಕೈಗವಸು ಹಾಕಿಕೊಂಡು. ಮಕ್ಕಳಲ್ಲ.

ಈಗ ಟಯರ್. ನಿಮ್ಮ ಸಹೋದ್ಯೋಗಿ ತೋರಿಸಿದ ಮೆಸೇಜ್‌ನಲ್ಲಿ ಒಂದು ಎಳೆ ಸತ್ಯ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಬ್ಬರ್ ತಯಾರಿಕೆಯ ಕೆಲಸವನ್ನು ಕ್ಯಾನ್ಸರ್ ತರುವಂಥದ್ದರ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಅದು ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಹೊಗೆ, ಪುಡಿಯ ನಡುವೆ ದುಡಿದವರ ಮಾತು. ಟಯರ್ ಮೇಲೆ ಕೂತು ಜೋಕಾಲಿ ಆಡಿದವರದಲ್ಲ. ಟಯರ್ ಪುಡಿ ಹಾಸಿದ ಆಟದ ಮೈದಾನಗಳನ್ನು ಯುರೋಪಿನ ರಾಸಾಯನಿಕ ಸಂಸ್ಥೆ ಪರಿಶೀಲಿಸಿ, ಅಲ್ಲಿ ಆಡುವವರಿಗೆ ಅಪಾಯ ತೀರಾ ಕಡಿಮೆ ಎಂದು 2017ರಲ್ಲಿ ಹೇಳಿತು. ಹಾಗಾಗಿ ಮುಟ್ಟಲು ಹೆದರಬೇಡಿ. ಆಡಿದ ಮೇಲೆ ಸೋಪಿನಲ್ಲಿ ಕೈ ತೊಳೆದರೆ ಸಾಕು.

ನಾನು ಹೆದರುವುದು ಬೇರೆಯದಕ್ಕೆ. ಒಂದು ಶಾಲೆಯಲ್ಲಿ ಬಣ್ಣ ಬಳಿದ ಚಂದದ ಟಯರ್‌ಗಳನ್ನು ನೆಲಕ್ಕೆ ಮಲಗಿಸಿ ಸಾಲಾಗಿ ಇಟ್ಟಿದ್ದರು. ಮೂರು ದಿನ ಮಳೆ ಬಿದ್ದು ಬಿಟ್ಟಿತ್ತು. ಒಂದು ಟಯರ್‌ನ ಒಳಗೆ ಕೈ ಹಾಕಿ ಸ್ಟೀಲ್ ಲೋಟದಲ್ಲಿ ನೀರು ತೆಗೆದೆ. ಲೋಟದ ತುಂಬ ಸೊಳ್ಳೆಮರಿಗಳು, ಪುಟ್ಟ ಕಡ್ಡಿಗಳ ಹಾಗೆ, ತಲೆಕೆಳಗಾಗಿ ಕುಣಿಯುತ್ತಿದ್ದವು. ಸುತ್ತ ನಿಂತಿದ್ದ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಟಯರ್‌ಗಿಂತ ಒಳ್ಳೆ ಮನೆ ಇಲ್ಲ. ಒಳಗೆ ನೆರಳು, ತಂಪು, ನಿಂತ ನೀರು. ಮೊಟ್ಟೆ ಇಟ್ಟು ಹತ್ತು ದಿನದೊಳಗೆ ಹಾರಲು ತಯಾರು. ನೀರು ಒಣಗಿದರೂ ಮೊಟ್ಟೆ ರಬ್ಬರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ಮಳೆ ಬಂದಾಗ ಒಡೆಯುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಶಾಲೆ ನಡೆಯುವ ಹೊತ್ತಿಗೇ. ನಮ್ಮ ರಾಜ್ಯದಲ್ಲಿ 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಸರ್ಕಾರವೇ ಘೋಷಿಸಿದ್ದು ನಿಮಗೆ ನೆನಪಿರಬಹುದು.

ಆದ್ದರಿಂದ ಹನ್ನೆರಡರಲ್ಲಿ ತಂತಿ ಹೊರಬಂದದ್ದು, ಸೀಳಿದ್ದು ಮೊದಲೇ ಬೇರೆ ಮಾಡಿ. ಸವೆದ ಟಯರ್‌ನ ಉಕ್ಕಿನ ತಂತಿ ಸೂಜಿಯಷ್ಟು ಚೂಪಾಗಿರುತ್ತದೆ. ಚೆನ್ನಾಗಿರುವ ಐದಾರನ್ನು ಮಾತ್ರ ಇಟ್ಟುಕೊಳ್ಳಿ. ನನ್ನ ಮೊದಲ ಆಯ್ಕೆ ಅರ್ಧ ಹೂತು ನಿಲ್ಲಿಸುವುದು. ಟಯರ್ ನೆಟ್ಟಗೆ ನಿಲ್ಲಿಸಿ, ಕೆಳಗಿನ ಅರ್ಧದ ಒಳಹಳ್ಳಕ್ಕೆ ಮಣ್ಣು ದಮ್ಮಸು ಮಾಡಿ ತುಂಬಿ. ಮಕ್ಕಳು ತೂರಿ ಹೋಗಬಹುದು, ಹತ್ತಿ ಕೂರಬಹುದು, ನೀರು ನಿಲ್ಲಲು ಜಾಗವೇ ಇರುವುದಿಲ್ಲ. ಜೋಕಾಲಿ ಬೇಕೇ ಬೇಕು ಅಂದರೆ ತೂಗಿದಾಗ ಕೆಳಗೆ ಬರುವ ಭಾಗದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ನಾಲ್ಕೈದು ಹೊಡೆಸಿ. ಸಣ್ಣ ತೂತು ಎಲೆ, ಮಣ್ಣಿನಿಂದ ಮುಚ್ಚಿಹೋಗುತ್ತದೆ. ಕೆಳಗೆ ಒಂದು ಅಡಿ ಮರಳು ಹಾಕಿಸಿ. ಮಕ್ಕಳಿಗಿಂತ ಮೊದಲು ಇಬ್ಬರು ದೊಡ್ಡವರು ಕೂತು ನೋಡಲಿ. ವಾರಕ್ಕೊಮ್ಮೆ ಒಳಗೆ ನೀರಿದೆಯಾ ಎಂದು ನೋಡುವ ಕೆಲಸ ಇಕೋ ಕ್ಲಬ್‌ಗೆ ಕೊಡಿ. ಆಶಾ ಕಾರ್ಯಕರ್ತೆಯರು ಸೊಳ್ಳೆಮರಿ ಹುಡುಕುವ ಲಾರ್ವಾ ಸರ್ವೆಗೆ ಬಂದಾಗ ಮಕ್ಕಳನ್ನು ಜೊತೆಗೆ ಕಳಿಸಿ, ತುಂಬ ಕಲಿಯುತ್ತಾರೆ. ಟಯರ್‌ನಲ್ಲಿ ಮೆಂತ್ಯ, ಪಾಲಕ್ ಬೆಳೆಯುವುದು ಬೇಡ. ರಬ್ಬರಿನಿಂದ ಸತು ಮಣ್ಣಿಗೆ ಇಳಿಯುತ್ತದೆ. ಹೂವಿನ ಗಿಡ ಇರಲಿ, ಅದೂ ಟಯರ್‌ನ ಅಂಚಿನವರೆಗೆ ಮಣ್ಣು ತುಂಬಿಸಿ. ಉಳಿದ ಟಯರ್ ಗ್ಯಾರೇಜಿಗೇ ವಾಪಸ್. ಹೋಳಿಯ ಕಾಮಣ್ಣನ ಜೊತೆ ಅವುಗಳನ್ನು ಸುಡಲು ಯಾರಿಗೂ ಕೊಡಬೇಡಿ. ಟಯರ್‌ನ ನಿಜವಾದ ವಿಷ ಇರುವುದು ಆ ಕಪ್ಪು ಹೊಗೆಯಲ್ಲಿ.

ಬಾಟಲಿಯ ವಿಷಯ ಹೇಳುವಾಗ ನನಗೂ ಸ್ವಲ್ಪ ಸಂಕಟ ಆಗುತ್ತದೆ. 600 ಬಾಟಲಿ ತುಂಬಲು ಆ ಪುಟ್ಟ ಬೆರಳುಗಳು ಎಷ್ಟು ಕೆಲಸ ಮಾಡಿರಬೇಕು! ಆದರೂ ಅಡುಗೆಕೋಣೆ ಪಕ್ಕ ಪ್ಲಾಸ್ಟಿಕ್ ಗೋಡೆ ಬೇಡ ಟೀಚರ್. ಅದು ಸೌದೆಯ ಒಟ್ಟಿಲಿಗಿಂತ ಜೋರಾಗಿ ಉರಿಯುತ್ತದೆ, ಹೊಗೆ ಉಸಿರು ಕಟ್ಟಿಸುತ್ತದೆ. ಮೇಲೆ ಮಣ್ಣು ಮೆತ್ತಿದರೂ ಒಂದು ಮಳೆಗಾಲಕ್ಕೆ ಬಿರುಕು ಬಿಡುತ್ತದೆ. ಬಿಸಿಲಿಗೆ ಬಾಟಲಿ ಪೆಡಸಾಗಿ ಒಡೆದರೆ ಒಳಗಿನ ಕವರ್ ಚೂರುಚೂರಾಗಿ ಕೈತೋಟದ ಮಣ್ಣಿಗೇ ಸೇರುತ್ತದೆ. ಇನ್ನು ಭಾರದ ಮಾತು. ಒಂದು ಲೀಟರಿನ ಬಾಟಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಒಳಗೆ ಕಾಲು ಕೆಜಿಗಿಂತ ಜಾಸ್ತಿ ಪ್ಲಾಸ್ಟಿಕ್ ಇರಬೇಕು. ಮಕ್ಕಳು ತುಂಬಿದ ಎಲ್ಲ ಬಾಟಲಿಯೂ ಹಾಗಿರುವುದು ಕಷ್ಟ. ಸೊಂಟದೆತ್ತರದ ಗೋಡೆಗೆ ಮಕ್ಕಳು ಒರಗದೆ ಇರುತ್ತಾರಾ? 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅದಕ್ಕೂ ನಿಮ್ಮ ಪುಟ್ಟ ಗೋಡೆಗೂ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೆ ಆ ದಿನದಿಂದ ಮಕ್ಕಳು ಓಡಾಡುವ ಜಾಗದಲ್ಲಿ ಇಂಜಿನಿಯರ್ ನೋಡದ ಯಾವ ಗೋಡೆಗೂ ನಾನು ಹೂಂ ಅನ್ನುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಖಾಲಿ ಪೆಟ್ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ. ಅದು ಕರಗಿ ದಾರವಾಗುತ್ತದೆ, ಬಟ್ಟೆಯಾಗುತ್ತದೆ. ಕವರ್ ತುರುಕಿದ ಬಾಟಲಿಯನ್ನು ಯಾರೂ ಕೊಳ್ಳುವುದಿಲ್ಲ. ಮತ್ತೆ ಬಳಸಬಹುದಾದದ್ದನ್ನು ನಾವೇ ಕಸ ಮಾಡಿದ ಹಾಗೆ. ಬಾಟಲಿ ಬೇಗ ತುಂಬಲಿ ಅಂತ ಮಕ್ಕಳು ಚಿಪ್ಸ್ ಜಾಸ್ತಿ ಕೊಂಡಿದ್ದನ್ನೂ ನಾನು ಬೇರೆ ಶಾಲೆಗಳಲ್ಲಿ ನೋಡಿದ್ದೇನೆ. ನಿಮ್ಮಲ್ಲೂ ಹಾಗೆ ಆಗಿದೆಯಾ, ಸುಮ್ನೆ ಒಮ್ಮೆ ಕೇಳಿ.

ಏನು ಮಾಡಬಹುದು? ಗಟ್ಟಿಯಾದ ಐವತ್ತು ಬಾಟಲಿ ಆರಿಸಿ, ಅಡುಗೆಕೋಣೆಯಿಂದ ದೂರ, ಮರದ ನೆರಳಲ್ಲಿ ಹೂವಿನ ಮಡಿಗೆ ಒಂದೇ ಸಾಲಿನ ಅಂಚು ಮಾಡಿ. ತಲೆಕೆಳಗಾಗಿ ಮುಕ್ಕಾಲು ಭಾಗ ಮಣ್ಣಲ್ಲಿ ಹೂಳಿ. ಒಂದೆರಡು ವರ್ಷಕ್ಕೆ ಕಿತ್ತು ತೆಗೆಯಬೇಕು ಎಂದು ಈಗಲೇ ಬರೆದಿಡಿ. ಉಳಿದದ್ದನ್ನು ಗ್ರಾಮ ಪಂಚಾಯಿತಿಯ ಒಣ ಕಸದ ಘಟಕಕ್ಕೆ ಕಳಿಸಿ. ಇಂಥ ಬೆಲೆ ಇಲ್ಲದ ಕವರ್‌ಗಳು ಅಲ್ಲಿಂದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬಹುದು. ಕೆಲವು ಬಗೆಯ ಪ್ಲಾಸ್ಟಿಕ್ ಡಾಂಬರು ರಸ್ತೆಗೂ ಬರುತ್ತದೆ. ಮದುರೈನ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ಈ ವಿಧಾನ ಕಂಡುಹಿಡಿದರು, 2018ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಅವರ ಕಥೆ ಹೇಳಿ. ಕಳಿಸುವ ಮೊದಲು ಹತ್ತು ಬಾಟಲಿ ಬಿಚ್ಚಿ, ಯಾವ ತಿಂಡಿಯ ಕವರ್ ಎಷ್ಟಿದೆ ಎಂದು ಎಣಿಸಿ. ನಿಮ್ಮ ಊರಿನ ಅಂಗಡಿಯಲ್ಲಿ ಏನು ಮಾರಾಟವಾಗುತ್ತದೆ ಎಂಬ ಪೂರ್ತಿ ಲೆಕ್ಕ ಅದರಲ್ಲಿದೆ. ನನ್ನ ಪ್ರಕಾರ ಆ ಎಣಿಕೆ ಗೋಡೆಗಿಂತ ದೊಡ್ಡ ಪ್ರಾಜೆಕ್ಟ್.

ಕೈತೋಟಕ್ಕೆ ಗೊಬ್ಬರ ಬೇಕಲ್ವಾ? ಬಿಸಿಯೂಟದ ತರಕಾರಿ ಸಿಪ್ಪೆ, ಶಾಲೆಯ ಬೇವಿನ ಎಲೆ, ಹೊಂಗೆ ಎಲೆಯಿಂದ ಅದನ್ನು ಮಾಡಿ. ರಾಣೇಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಎರೆಹುಳ ಗೊಬ್ಬರದ ಬಗ್ಗೆ ಅಲ್ಲಿ ಕೇಳಿ.

ಅಧ್ಯಕ್ಷರಿಗೆ ಹೇಗೆ ಹೇಳುವುದು ಎಂಬುದೂ ನಿಮ್ಮ ಚಿಂತೆ ಇರಬೇಕು. 'ಊರಲ್ಲೆಲ್ಲ ಬಳಸ್ತಾರೆ' ಎಂಬ ಮಾತು ಸುಳ್ಳಲ್ಲ. ಗಿರ್ಮಿಟ್, ಮಿರ್ಚಿಯನ್ನು ಪೇಪರಿನಲ್ಲಿ ಕಟ್ಟಿಕೊಡುವುದೂ ಊರೆಲ್ಲ ನಡೆಯುತ್ತಿತ್ತು. ಶಾಯಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಇಳಿಯುತ್ತದೆ ಎಂದು 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಅದನ್ನು ನಿಲ್ಲಿಸಿದರು. ಕೂಡಲೇ ಯಾರಿಗೂ ಏನೂ ಆಗಲಿಲ್ಲ ಎಂದರೆ ಏನೂ ಆಗುವುದಿಲ್ಲ ಎಂದಲ್ಲ. ಅದರಲ್ಲೂ ಮಕ್ಕಳ ಮೈತೂಕ ಕಡಿಮೆ. ಅಷ್ಟೇ ವಿಷ ಅವರಿಗೆ ದೊಡ್ಡವರಿಗಿಂತ ಜಾಸ್ತಿ ತಾಗುತ್ತದೆ. ಅಧ್ಯಕ್ಷರ ಜೊತೆ ವಾದಕ್ಕೆ ಇಳಿಯಬೇಡಿ. ಮಕ್ಕಳ ಕೈಯಲ್ಲಿ ಪ್ರತಿಯೊಂದು ಸಾಮಾನಿಗೂ ಒಂದು ಪುಟದ ಜಾತಕ ಬರೆಸಿ. ಎಲ್ಲಿಂದ ಬಂತು, ಒಳಗೆ ಏನಿತ್ತು, ಮಳೆಗೆ ಏನಾಗುತ್ತದೆ, ಬಿಸಿಲಿಗೆ ಏನಾಗುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ. ಬ್ಯಾರಲ್‌ನ ಜಾತಕದಲ್ಲಿ ಎರಡನೇ ಸಾಲು ಖಾಲಿ ಉಳಿಯುತ್ತದೆ. ಅದನ್ನು ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಓದಲಿ.

ಬ್ಯಾರಲ್ ತಂದುಕೊಟ್ಟವರ ಮನಸ್ಸು ನೋಯಿಸಬೇಡಿ. ಅವರು ಪ್ರೀತಿಯಿಂದ ತಂದದ್ದು. ವಾಪಸ್ ಕೊಡಲು ನೀವೇ ಹೋಗಿ, ಚಹಾ ಕುಡಿಯುತ್ತಾ ನಿಧಾನವಾಗಿ ವಿಷಯ ಹೇಳಿ. ಅಲ್ಲೇ ಇನ್ನೊಂದು ಮಾತು ಕೇಳಿಕೊಂಡು ಬನ್ನಿ: ಅವರು ತಂದದ್ದು ಈ ನಾಲ್ಕೇನಾ, ಇನ್ನೂ ಇದ್ದವಾ? ಇದ್ದರೆ ಉಳಿದವು ಈಗ ಯಾರ ಮನೆಯ ಬಚ್ಚಲಲ್ಲಿ ಇವೆ? ಆ ಮನೆಗೂ ಒಮ್ಮೆ ಹೋಗಿ, ಒಂದು ತಂಬಿಗೆ ನೀರು ಕಾಸಿ ನೋಡಿ. ವಾಸನೆ ಬಂದರೂ ಬರದಿದ್ದರೂ ಆ ಬ್ಯಾರಲ್‌ನ ನೀರು ಬಳಸುವುದನ್ನು ನಿಲ್ಲಿಸಲು ಹೇಳಿ.